ನೌಬಾದಿಗೊಂದು ಗದ್ದಲ ಬೇಕು

ನಮ್ಮ ಊರುಗಳಲ್ಲಿ ಗದ್ದಲಕ್ಕೇನೂ ಬರವಿಲ್ಲ. ಗಣೇಶನ ಮೆರವಣಿಗೆಯ ಡಿಜೆ ಎದೆಗೂಡು ನಡುಗಿಸುತ್ತದೆ. ಮದುವೆಯ ಬ್ಯಾಂಡು ರಸ್ತೆ ತಡೆಯುತ್ತದೆ. ಚುನಾವಣೆ ಬಂದರೆ ಆಟೋ ಮೇಲಿನ ಮೈಕು ಅಡುಗೆಮನೆಗೇ ನುಗ್ಗುತ್ತದೆ. ಇಷ್ಟನ್ನೆಲ್ಲ ಸಹಿಸುವ ನಾವು, ಹದಿನಾರರ ನಾಲ್ಕು ಗೆಳೆಯರು ಒಂದು ಹಳೇ ಗಿಟಾರು, ಒಂದು ಹಲಗೆ ಹಿಡಿದು ತಾವೇ ಕಟ್ಟಿದ ಹಾಡು ಕೂಗಿದರೆ ಮಾತ್ರ 'ಏನ್ ಗದ್ಲಾ ಹಚ್ಚೀರಿ, ಹೋಗಿ ಓದ್ಕೋರಿ' ಅನ್ನುತ್ತೇವೆ. ದುಡ್ಡು ಕೊಟ್ಟು ತರಿಸಿದ ಗದ್ದಲ ಸಂಭ್ರಮ, ಮಕ್ಕಳು ತಾವೇ ಹುಟ್ಟಿಸಿದ್ದು ಉಪದ್ರವ! ಈ ಲೆಕ್ಕದ ಮೇಲೆಯೇ ನನ್ನ ತಕರಾರು.

ನಾನು ಹೇಳುತ್ತಿರುವುದು ಪಂಕ್ ಸಂಗೀತದ ಬಗ್ಗೆ. 1970ರ ದಶಕದ ಇಂಗ್ಲೆಂಡಿನಲ್ಲಿ, ಕೆಲಸ ಸಿಗದ, ಯಾರೂ ಮಾತಾಡಿಸದ ಹುಡುಗ ಹುಡುಗಿಯರು ಹಿಡಿದ ದಾರಿ ಅದು. 1977ರಲ್ಲಿ 'ಸೈಡ್‌ಬರ್ನ್ಸ್' ಎಂಬ ಪುಟ್ಟ ಪತ್ರಿಕೆ ಗಿಟಾರಿನ ಮೂರು ಸ್ವರಮೇಳಗಳ ಚಿತ್ರ ಬರೆದು, ಇಷ್ಟು ಸಾಕು, ತಂಡ ಕಟ್ಟಿ ಎಂದು ಓದುಗರಿಗೆ ಹೇಳಿತು. ಲಂಡನ್ನಿನಿಂದ ದೂರ, ಐರ್ಲೆಂಡಿನ ಗಡಿಗೆ ಅಂಟಿಕೊಂಡ ಡೆರಿ ಊರಿನ ಗೆಳೆಯರು 'ಅಂಡರ್‌ಟೋನ್ಸ್' ಎಂಬ ತಂಡ ಕಟ್ಟಿದರು. ಬೀದಿಯಲ್ಲಿ ಸೈನಿಕರು ತಿರುಗುತ್ತಿದ್ದ ಕಾಲ. ಇವರು ಹಾಡಿದ್ದು ಹದಿಹರೆಯದ ಹಂಬಲವನ್ನು. 1978ರಲ್ಲಿ ಬಿಬಿಸಿಯ ಜಾನ್ ಪೀಲ್ ಅವರ ಒಂದು ಹಾಡನ್ನು ಬೆನ್ನುಬೆನ್ನಿಗೆ ಎರಡು ಸಲ ಹಾಕಿದರು. ಗಡಿಯ ಊರಿಗೂ ದನಿಯಿದೆ ಎಂದು ಆಗ ದೇಶಕ್ಕೆ ಗೊತ್ತಾಯಿತು.

ಬೀದರ್ ಕೂಡ ಗಡಿಯೇ. ಒಂದು ಕಡೆ ತೆಲಂಗಾಣ, ಇನ್ನೊಂದು ಕಡೆ ಮಹಾರಾಷ್ಟ್ರ. ನಗರದ ಅಂಚಿನ ನೌಬಾದಿನಿಂದ ಔರಾದ್, ಭಾಲ್ಕಿಯವರೆಗೆ ಕನ್ನಡ, ಉರ್ದು, ಮರಾಠಿ, ತೆಲುಗು ಒಂದೇ ಮಾತಿನಲ್ಲಿ ಬೆರೆತು ಬರುತ್ತವೆ. ಈ ಕನ್ನಡವನ್ನು ಸಿನಿಮಾದವರು ನಗೆಗೆ ಬಳಸಿದರು, ಪರೀಕ್ಷಕರು ಕೆಂಪು ಶಾಯಿಯಿಂದ ತಿದ್ದಿದರು. ಅದರಲ್ಲೇ ಕೂಗುವ ಒಂದು ತಂಡ ಹುಟ್ಟಿದರೆ ಕನ್ನಡಕ್ಕೆ ನಷ್ಟವೋ ಲಾಭವೋ?

'ಇದು ಪಾಶ್ಚಾತ್ಯ' ಎನ್ನುವುದು ಮೊದಲ ಆಕ್ಷೇಪ. ಭಜನೆಯ ಹಾರ್ಮೋನಿಯಂ ಎಲ್ಲಿಂದ ಬಂತು? ಕಛೇರಿಯ ಪಿಟೀಲು? ಎರಡೂ ಯುರೋಪಿನವು. ರಘು ದೀಕ್ಷಿತ್ ಗಿಟಾರ್ ಹಿಡಿದು ಶಿಶುನಾಳ ಶರೀಫರನ್ನು ಹಾಡಿದಾಗ ಚಪ್ಪಾಳೆ ತಟ್ಟಿದವರು ನಾವೇ. ಬೆಂಗಳೂರಿನ ವೇದಿಕೆಯಲ್ಲಿ ಒಪ್ಪಿಗೆಯಾದದ್ದು ನೌಬಾದಿನ ಓಣಿಯಲ್ಲಿ ಏಕೆ ಕೆಡುತ್ತದೆ?

'ಮೊದಲು ಕಲಿಯಲಿ, ಆಮೇಲೆ ಹಾಡಲಿ' ಎನ್ನುವವರದು ಎರಡನೆಯ ಆಕ್ಷೇಪ. ಅವರು ಇದೇ ಜಿಲ್ಲೆಯ ಬಸವಕಲ್ಯಾಣದ ಕಡೆ ತಿರುಗಿ ನೋಡಬೇಕು. ತಾಳ, ಗಣಗಳ ಶಾಸ್ತ್ರ ತನಗೆ ತಿಳಿಯದು, ಮನಸ್ಸು ಬಂದ ಹಾಗೆ ಹಾಡುತ್ತೇನೆ ಎಂಬ ಅರ್ಥದ ವಚನ ಬಸವಣ್ಣನದು. ಶಾಸ್ತ್ರದ ಪರವಾನಗಿ ಇಲ್ಲದ ಮಡಿವಾಳರು, ಅಂಬಿಗರು ಮಾತು ಕಟ್ಟಿದ್ದರಿಂದಲೇ ಕನ್ನಡಕ್ಕೆ ವಚನ ಬಂತು. ಹುಡುಗರನ್ನು ಶರಣರಿಗೆ ಹೋಲಿಸುತ್ತಿಲ್ಲ. ಶರಣರು ತಾವೇ ಕೊಟ್ಟುಕೊಂಡ ಆ ಅನುಮತಿಯನ್ನು ನೆನಪಿಸುತ್ತಿದ್ದೇನೆ. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಅಪ್ಪಣೆಗೆ ಕಾದಿದ್ದರೆ ಆ ಶಾಲೆ ನಡೆಯುತ್ತಿತ್ತೇ?

'ಓದು ಹಾಳಾಗುತ್ತದೆ' ಎನ್ನುವುದು ಮೂರನೆಯದು. ಈ ಭಯವನ್ನು ನಾನು ಹಗುರಾಗಿ ಕಾಣುವುದಿಲ್ಲ. ನೀಟ್ ತರಬೇತಿಗೆ ಹೊರರಾಜ್ಯಗಳಿಂದಲೂ ಮಕ್ಕಳು ಬರುವ ಊರು ಬೀದರ್. ಬಡ ಮನೆಗೆ ಒಂದು ಸೀಟು ಎಂದರೆ ಒಂದು ತಲೆಮಾರಿನ ಬಿಡುಗಡೆ. ಆದರೆ ಬೆಳಗಿನಿಂದ ರಾತ್ರಿಯವರೆಗೆ ಬೇರೆಯವರು ಬರೆದ ಪ್ರಶ್ನೆಗೇ ಉತ್ತರಿಸುವ ಮಗು ತನ್ನದೊಂದು ಪ್ರಶ್ನೆ ಕೇಳುವುದು ಯಾವಾಗ? ವಾರಕ್ಕೆರಡು ಸಂಜೆ ಹಾಡಿದರೆ ಸೀಟು ತಪ್ಪುವುದಿಲ್ಲ.

ಹುಡುಗಿಯರ ಪಾಡು ಇನ್ನೂ ಕಷ್ಟ. 2012ರ ಡಿಸೆಂಬರಿನಲ್ಲಿ ಶ್ರೀನಗರದ ಸ್ಪರ್ಧೆಯೊಂದರಲ್ಲಿ 'ಪ್ರಗಾಶ್' ಎಂಬ ಮೂವರು ಶಾಲಾ ಹುಡುಗಿಯರ ತಂಡ ಮೆಚ್ಚುಗೆ ಪಡೆಯಿತು. ಎರಡೇ ತಿಂಗಳಲ್ಲಿ ಬೆದರಿಕೆ, ಬೈಗುಳ, ಫತ್ವಾ, ತಂಡ ಮುಚ್ಚಿತು. ಅದು ಕಾಶ್ಮೀರದ ಕಥೆ ಎಂದು ನಿಟ್ಟುಸಿರು ಬಿಡುವವರು, ತಮ್ಮ ಓಣಿಯ ಹುಡುಗಿ ಡ್ರಮ್ ಬಾರಿಸಿದರೆ ಏನನ್ನುತ್ತೇವೆ ಎಂದು ಕೇಳಿಕೊಳ್ಳಲಿ. ನಮ್ಮಲ್ಲಿ ಫತ್ವಾ ಬೇಕಾಗಿಲ್ಲ, ಪಕ್ಕದ ಮನೆಯ ಅತ್ತೆಯ ಒಂದು ಮಾತೇ ಸಾಕು.

ಕೇಳುತ್ತಿರುವುದು ದೊಡ್ಡದೇನಲ್ಲ. ಸಂಜೆ ಬೀಗ ಬೀಳುವ ಸರ್ಕಾರಿ ಶಾಲೆಯ ಒಂದು ಕೋಣೆ, ಒಂದು ಪ್ಲಗ್ ಪಾಯಿಂಟ್. ಬೀದರ್ ಉತ್ಸವದಲ್ಲಿ ಹೊರಗಿನ ತಾರೆಯರಿಗೆ ಕೊಡುವ ವೇದಿಕೆಯಲ್ಲಿ, ಜಿಲ್ಲೆಯ ಹದಿನೆಂಟರೊಳಗಿನವರಿಗೆ ಒಂದು ಗಂಟೆ. ಮೊಹರಂ ಪದದವರ, ತತ್ವಪದದವರ, ಹಲಗೆಯವರ ಜೊತೆ ಒಂದೆರಡು ದಿನದ ಕೂಟ. ಸಾಹಿತ್ಯ ಸಮ್ಮೇಳನಗಳಲ್ಲಿ 'ಯುವಜನರು ಕನ್ನಡದಿಂದ ದೂರವಾಗುತ್ತಿದ್ದಾರೆ' ಎಂದು ವರ್ಷವರ್ಷ ಗೋಷ್ಠಿ ನಡೆಸುವವರು ಆ ಗೋಷ್ಠಿಯೊಂದನ್ನು ಬಿಟ್ಟುಕೊಟ್ಟರೂ ಆದೀತು.

ಮೊದಲ ಹಾಡು ಕೆಟ್ಟದಾಗಿಯೇ ಇರುತ್ತದೆ. ತಾಳ ತಪ್ಪುತ್ತದೆ, ದನಿ ಒಡೆಯುತ್ತದೆ, ಅಪ್ಪಂದಿರ ಮೇಲೆ, ಮೇಷ್ಟ್ರ ಮೇಲೆ, ಬಹುಶಃ ನಮ್ಮಂಥ ಬರೆಯುವವರ ಮೇಲೂ ಬೈಗುಳ ಇರುತ್ತದೆ. ಕೂತು ಕೇಳೋಣ. ಹತ್ತನೆಯ ಹಾಡಿನ ಹೊತ್ತಿಗೆ ಅವರಿಗೆ ಹೇಳಲು ಏನಿದೆ ಎಂದು ಗೊತ್ತಾಗುತ್ತದೆ. ಮೊದಲನೆಯದಕ್ಕೇ ಬಾಯಿ ಮುಚ್ಚಿಸಿದರೆ ಹತ್ತನೆಯದು ಹುಟ್ಟುವುದಿಲ್ಲ.