ಒಂದು ಬಾಗಿಲು, ಹಲವು ಕೀಲಿಕೈ

ಖಜಾನೆಯ ಭದ್ರಕೋಣೆಗೆ ಜೋಡಿ ಬೀಗವಿದ್ದು, ಕೀಲಿಕೈಗಳು ಇಬ್ಬರು ಅಧಿಕಾರಿಗಳ ವಶದಲ್ಲಿರುವುದನ್ನು ವಾಚಕರು ಕೇಳಿಬಲ್ಲರು. ಇದು ಕಳ್ಳತನದ ಭಯದಿಂದ ಮಾತ್ರ ಮಾಡಿದ ಏರ್ಪಾಡಲ್ಲ. ಪ್ರಾಮಾಣಿಕನ ಮೇಲೆ ಅಪವಾದ ಬಾರದಿರಲೆಂದೂ ಮಾಡಿದ್ದು. ಇಂದು ಕಚೇರಿಯ ಕಾಗದಗಳೆಲ್ಲ ಕಂಪ್ಯೂಟರಿನೊಳಗೆ ಸೇರಿವೆ. ಆ ಜಾಲದ ಕಾವಲು ಒಬ್ಬನಿಂದಾಗದು, ಹಲವರು ಬೇಕು. ಆ ಹಲವರು ಅಧಿಕಾರವನ್ನು ಹೇಗೆ ಹಂಚಿಕೊಳ್ಳಬೇಕು? ಬಿ.ಎ. ವಿದ್ಯಾರ್ಥಿಗೆ ಇದರ ಗೊಡವೆ ಏಕೆಂದು ಮಿತ್ರರು ನಗಬಹುದು. ನಮ್ಮ ಹೊಲದ ಪಹಣಿ ಇರುವುದು ಅಲ್ಲಿಯೇ!

ಈ ಶತಮಾನದ ಆರಂಭದಲ್ಲಿ ನಮ್ಮ ರಾಜ್ಯವು ‘ಭೂಮಿ’ ಯೋಜನೆಯಿಂದ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೇರಿಸಿತು. ದಾಖಲೆ ತಿದ್ದುವ ಅಧಿಕಾರಿ ಬೆರಳಿನ ಗುರುತು ಕೊಟ್ಟೇ ಒಳಹೊಗಬೇಕೆಂದು ಅದರಲ್ಲಿ ವಿಧಿಸಲಾಯಿತು. ಪಾಸ್‌ವರ್ಡನ್ನು ಮತ್ತೊಬ್ಬನ ಕಿವಿಯಲ್ಲಿ ಹೇಳಬಹುದು, ಬೆರಳನ್ನು ಕೊಟ್ಟು ಕಳಿಸಲಾಗದು. ನಮ್ಮ ಅಜ್ಜ ಹೆಬ್ಬೆಟ್ಟು ಒತ್ತಿದ್ದು ಓದು ಬಾರದೆ. ಓದಿದ ಅಧಿಕಾರಿ ಬೆರಳೊತ್ತುವುದು ‘ನಾನಲ್ಲ’ ಎನ್ನಲು ಬಾರದಿರಲೆಂದು. ಕಾಲದ ವಿನೋದವೇ ಸರಿ.

ಜಾಲದ ಕಾವಲಿಗೂ ಇದೇ ನ್ಯಾಯ ಸಲ್ಲಬೇಕು. ಒಳ್ಳೆಯ ವ್ಯವಸ್ಥೆಯಲ್ಲಿ ಒಬ್ಬ ನಿಯಮ ತಿದ್ದುತ್ತಿರುವಾಗ ಅದೇ ನಿಯಮ ಇನ್ನೊಬ್ಬನಿಗೆ ಓದಲಷ್ಟೇ ದೊರೆಯುತ್ತದೆ. ಇಲ್ಲವಾದರೆ ಇವನು ಮುಚ್ಚಿದ ದಾರಿಯನ್ನು ಅವನು ಅರಿಯದೆ ತೆರೆದಾನು. ಯಾರು, ಯಾವಾಗ, ಏನು ಬದಲಿಸಿದರೆಂಬುದು ದಾಖಲಾಗುತ್ತದೆ. ಇಂಥ ದಾಖಲೆಗಳನ್ನು 180 ದಿನ ಕಾಪಾಡಬೇಕೆಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ನಿರ್ದೇಶಿಸಿದೆ. ಆದರೆ ಆರು ಜನ ಒಂದೇ ಹೆಸರಿನಿಂದ ಒಳಹೊಕ್ಕರೆ ಆ ದಾಖಲೆ ಏನು ಹೇಳೀತು? ಒಂದು ಕಚೇರಿಯಲ್ಲಿ ನನ್ನ ವಿದ್ಯಾರ್ಥಿವೇತನದ ಅರ್ಜಿ ತಿರಸ್ಕೃತವಾಗಿತ್ತು. ಮೂವರಿಗೂ ಒಂದೇ ಪಾಸ್‌ವರ್ಡು. ತಿರಸ್ಕರಿಸಿದವರು ಯಾರೆಂದು ಮೂವರೂ ಹೇಳಲಾರದೆ ಹೋದರು. ಆ ವರ್ಷದ ಹಣ ಬರಲಿಲ್ಲ, ಅಪ್ಪ ಸಾಲ ಮಾಡಿದರು.

ಸಿಬ್ಬಂದಿ ಕಡಿಮೆಯೆಂಬ ಆಕ್ಷೇಪವನ್ನು ನಾನು ಹಗುರಾಗಿ ಎಣಿಸುವುದಿಲ್ಲ. ಸಾಹೇಬರು ರಾಯಚೂರಿನ ಸಭೆಗೆ ಹೋದ ದಿನ, ದೇವದುರ್ಗಕ್ಕೋ ಮಾನ್ವಿಗೋ ಕೂಲಿ ಬಿಟ್ಟು ಬಂದ ರೈತ ಬರಿಗೈಲಿ ಹಿಂದಿರುಗಬೇಕೇ? ಎಷ್ಟೋ ಸಲ ಪಾಸ್‌ವರ್ಡು ಕೈಬದಲಾಗುವುದು ಕರುಣೆಯಿಂದಲೇ. ಆದರೆ ಪ್ರಭಾರ ವಹಿಸುವ ಪದ್ಧತಿ ನಮ್ಮ ಕಚೇರಿಗಳಿಗೆ ಹೊಸದಲ್ಲವಷ್ಟೆ. ಪ್ರಭಾರದಲ್ಲಿರುವವರಿಗೆ ಅವರದೇ ಹೆಸರಿನಲ್ಲಿ, ಅಷ್ಟೇ ದಿನಕ್ಕೆ, ಅಷ್ಟೇ ಕೆಲಸಕ್ಕೆ ಪ್ರವೇಶ ಕೊಡಲಿ. ವರ್ಗವಾದವರ ಹೆಸರನ್ನು ಅದೇ ಸಂಜೆ, ಬೀಳ್ಕೊಡುಗೆಯ ಹಾರ ಬಾಡುವ ಮುಂಚೆ, ತೆಗೆದುಹಾಕಲಿ.