ಲೈಟಿಗೆ ಬಂದ ಉದ್ದ ಮೀಸೆ

ಹೋದ ಮುಂಗಾರಿನಲ್ಲಿ ಅಫಜಲಪುರಕ್ಕೆ ಹೋಗಿದ್ದೆ. ರಾತ್ರಿ ಅಂಗಳದ ಲೈಟಿಗೆ ಬೆರಳುದ್ದದ ಕಂದು ದುಂಬಿಯೊಂದು ಬಂದು ಬಿತ್ತು. ಮೈಗಿಂತ ಮೀಸೆ ಉದ್ದ. ಹಿಡಿದರೆ ಕಿರ್ ಕಿರ್ ಸದ್ದು. ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿ, ಹಾರಲು ಬಿಟ್ಟೆ.

ಮರುದಿನ ಅಪ್ಪ ಹಿತ್ತಲಿಗೆ ಕರೆದರು. "ತಮ್ಮಾ, ಮಾವಿನ ಗಿಡ ಒಣಗ್ಲಾಕತ್ತದ. ಕಡಿಸಿಬಿಡ್ಲೇನು?" ಅಜ್ಜಿ ನೆಟ್ಟ ಗಿಡ. ಕಾಂಡದಲ್ಲಿ ತೂತು, ಕೆಳಗೆ ಕಟ್ಟಿಗೆ ಹೊಟ್ಟು.

ರಾತ್ರಿಯ ಫೋಟೊ ಇಟ್ಟುಕೊಂಡು ದುಂಬಿಯ ಕುಲಗೋತ್ರ ಹುಡುಕಿದೆ. ಫೋಲ್ಡರ್ ಒಳಗೆ ಫೋಲ್ಡರ್ ಇದ್ದಂಗೆ. ಕುಟುಂಬ ಸೆರಾಂಬಿಸಿಡೆ: ಉದ್ದ ಮೀಸೆಯವರು. ಉಪಕುಟುಂಬ ಲ್ಯಾಮಿಯಿನೆ: ಮುಖ ನೆಟ್ಟಗೆ ಕೆಳಗಿಳಿದವರು. ಜಾತಿ ಬ್ಯಾಟೊಸೆರಾ: ತಲೆಯ ಹಿಂದೆ ಎರಡೂ ಪಕ್ಕ ಚೂಪು ಮುಳ್ಳು, ಗಟ್ಟಿ ಹೊರರೆಕ್ಕೆಯ ಬುಡದಲ್ಲಿ ಕಪ್ಪು ಗುಳ್ಳೆಗಳು. ನಮ್ಮ ಅಂಗಳದ್ದು ಬ್ಯಾಟೊಸೆರಾ ರೂಫೊಮ್ಯಾಕುಲೇಟಾ, 1775ರಲ್ಲಿ ಡಿ ಗೀರ್ ಹೆಸರಿಟ್ಟದ್ದು. ಹೆಸರಿನ ಅರ್ಥವೇ ಕೆಂಪು ಚುಕ್ಕೆಯದು. ಮುಳ್ಳುಗಳ ನಡುವೆ ಆ ಎರಡು ಚುಕ್ಕೆ ಫೋಟೊದಲ್ಲೂ ಇದ್ದವು.

ದೊಡ್ಡ ದುಂಬಿ ಎಳೆ ಟೊಂಗೆಯ ತೊಗಟೆ ಕೆರೆಯುತ್ತದೆ, ಅಷ್ಟೇ. ಗಿಡ ಕೊಲ್ಲುವುದು ಅದರ ಮರಿ. ಹೆಣ್ಣು ತೊಗಟೆ ಸೀಳಿ ಮೊಟ್ಟೆ ಇಡುತ್ತದೆ. ಕಾಲಿಲ್ಲದ ಬಿಳಿ ಹುಳು ತಿಂಗಳುಗಟ್ಟಲೆ ಒಳಗೊಳಗೇ ಕಾಂಡ ಕೊರೆಯುತ್ತದೆ. ಅಂಜೂರ, ಹಲಸಿಗೂ ಇದೇ ಕಾಟ.

ತಂತಿಗೆ ಕೊಕ್ಕೆ ಮಾಡಿ ತೂರಿಸಿ ಮೂರು ಹುಳು ಹೊರಗೆಳೆದೆವು. ತೂತಿಗೆ ಮಣ್ಣು ಮೆತ್ತಿದೆವು. ಅರ್ಧ ಗಿಡ ಹೋಯ್ತು, ಇನ್ನರ್ಧ ಚಿಗುರಿದೆ. ಅಪ್ಪ ಕಡಿಯುವ ಮಾತು ಬಿಟ್ಟಿದ್ದಾರೆ.

ನಿಮ್ಮ ಮನೆ ಲೈಟಿಗೂ ಈ ಮೀಸೆಯವನು ಬಂದರೆ ಸ್ಟೇಟಸ್ ಆಮೇಲೆ ಹಾಕಿ. ಮೊದಲು ಮಾವಿನ ಕಾಂಡ ನೋಡಿ ಬನ್ನಿ.