ಚಾರ್ಮಾಡಿಯ ತಪ್ಪಲಿನಲ್ಲಿ ಎರಡು ರಾತ್ರಿ: ನಮ್ಮ ವಿಶ್ರಾಂತಿಗೆ ಬೆಲೆ ತೆರುವವರು ಯಾರು?

ಮಂಗಳೂರು ಕಡೆಯಿಂದ ಚಾರ್ಮಾಡಿಗೆ ಹೋಗುವವರು ಕಡಿಮೆ, ಚಾರ್ಮಾಡಿ ದಾಟಿ ಹೋಗುವವರೇ ಹೆಚ್ಚು. ಉಜಿರೆ, ಮುಂಡಾಜೆ, ಕಕ್ಕಿಂಜೆ ಕಳೆದ ಮೇಲೆ ವಾಹನಗಳು ನೇರ ಘಾಟಿಯೇರಿ ಕೊಟ್ಟಿಗೆಹಾರದಲ್ಲಿ ಚಹಾಕ್ಕೆ ನಿಲ್ಲುತ್ತವೆ. ಕೆಳಗಿನ ಹಳ್ಳಿಯಲ್ಲಿ ನಿಲ್ಲಬೇಕೆಂದು ಯಾರಿಗೂ ಅನಿಸುತ್ತಿರಲಿಲ್ಲ. ಈಗ ಕಾಲ ಬದಲಾಗಿದೆ. ಬೆಳ್ತಂಗಡಿ ತಾಲೂಕಿನ ಕಾಡಂಚಿನ ಗ್ರಾಮಗಳಲ್ಲಿ ಅಡಿಕೆ ತೋಟದ ನಡುವೆ ಹೋಂಸ್ಟೇಗಳು, ಸಣ್ಣ ರೆಸಾರ್ಟುಗಳು ತಲೆಯೆತ್ತಿವೆ. "ಪ್ರವಾಸಿಗರ ಗದ್ದಲದಿಂದ ದೂರ" ಎಂಬುದೇ ಅವುಗಳ ಜಾಹೀರಾತು.

ನಾವೂ ಅಂಥ ಒಂದು ವಸತಿಗೃಹದಲ್ಲಿ ಎರಡು ರಾತ್ರಿ ಕಳೆದು ಬಂದೆವು. ಶುಕ್ರವಾರ ಸಂಜೆ ಹೋದವರು ಭಾನುವಾರ ಮಧ್ಯಾಹ್ನ ಹೊರಟೆವು. ಹಳೆಯ ಹಂಚಿನ ಮನೆಯನ್ನು ರಿಪೇರಿ ಮಾಡಿ, ಪಕ್ಕದಲ್ಲಿ ನಾಲ್ಕು ಕೋಣೆ ಕಟ್ಟಿದ್ದಾರೆ. ಅಂಗಳದಲ್ಲಿ ಒಣಹಾಕಿದ ಅಡಿಕೆ, ಹಿಂದೆ ತೋಡು, ಎದುರಿಗೆ ಮೋಡ ಹೊದ್ದ ಘಟ್ಟ. ಮೊಬೈಲ್ ಸಿಗ್ನಲ್ ಬೇಕೆಂದರೆ ಗೇಟಿನವರೆಗೆ ನಡೆಯಬೇಕು. ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ರಾತ್ರಿ ಗಂಜಿ. ಟಿ.ವಿ. ಇಲ್ಲ, ಈಜುಕೊಳ ಇಲ್ಲ. ಒಂಬತ್ತು ಗಂಟೆಗೆ ದೀಪ ಆರಿಸಿದರೆ ತೋಡಿನ ನೀರಿನ ಸದ್ದು ಮಾತ್ರ. ಸುಖವಾಗಿತ್ತು ಎಂದು ಹೇಳಲು ಸಂಕೋಚವಿಲ್ಲ.

ಆದರೆ ಹಿಂದಿರುಗಿದ ಮೇಲೆ ಒಂದು ಪ್ರಶ್ನೆ ಕಾಡತೊಡಗಿತು. ಆ ಮೌನಕ್ಕೆ ನಾವು ಹಣ ಕೊಟ್ಟೆವು ನಿಜ. ಆದರೆ ಅದರ ಪೂರ್ತಿ ಬೆಲೆ ತೆತ್ತವರು ನಾವೇ ಏನು?

ನಿರ್ಜನ ಸ್ಥಳದಲ್ಲೂ ಜನರಿದ್ದರು

ಪ್ರಭು ಯೇಸು ದಣಿದ ಶಿಷ್ಯರನ್ನು ಕರೆದುಕೊಂಡು ನಿರ್ಜನ ಸ್ಥಳಕ್ಕೆ ಹೋದ ಪ್ರಸಂಗ ಮಾರ್ಕನ ಶುಭಸಂದೇಶದ ಆರನೇ ಅಧ್ಯಾಯದಲ್ಲಿದೆ. ಬಂದು ಹೋಗುವವರ ಗದ್ದಲದಲ್ಲಿ ಊಟಕ್ಕೂ ಸಮಯ ಸಿಗದ ಶಿಷ್ಯರಿಗೆ ವಿಶ್ರಾಂತಿ ಬೇಕೆಂದು ಗುರುವೇ ಮನಗಂಡರು. ಆದುದರಿಂದ ವಿಶ್ರಾಂತಿ ಬಯಸುವುದು ತಪ್ಪೇನಲ್ಲ. ಆದರೆ ಆ ಪ್ರಸಂಗದ ಮುಂದಿನ ಭಾಗವನ್ನು ನಾವು ಮರೆಯುತ್ತೇವೆ. ದೋಣಿ ದಡ ಸೇರುವಾಗ ಅಲ್ಲಿ ಜನ ನೆರೆದಿದ್ದರು. ಅವರನ್ನು ಕಂಡು ಯೇಸು ಕನಿಕರಪಟ್ಟರು.

ಚಾರ್ಮಾಡಿಯ ಮಾತೂ ಅದೇ. ಪ್ರವಾಸಿಗರ ಪಾಲಿಗೆ ಅದು "ಯಾರೂ ಇಲ್ಲದ ಜಾಗ". ವಾಸ್ತವದಲ್ಲಿ ಅಲ್ಲಿ ತಲೆತಲಾಂತರದಿಂದ ಬೇಸಾಯ ಮಾಡುತ್ತಿರುವ ಕುಟುಂಬಗಳಿವೆ, ಮಲೆಕುಡಿಯ ಸಮುದಾಯದವರಿದ್ದಾರೆ, ಕೊಂಕಣಿ ಮಾತನಾಡುವ ಕಥೋಲಿಕರಿದ್ದಾರೆ, ಬ್ಯಾರಿ ಬಾಂಧವರಿದ್ದಾರೆ. ಕಳೆದ ಶತಮಾನದಲ್ಲಿ ಕೇರಳದಿಂದ ಬಂದು ಕಾಡಂಚಿನಲ್ಲಿ ರಬ್ಬರ್, ಕಾಳುಮೆಣಸು ಬೆಳೆಸಿದ ಸಿರೋ ಮಲಬಾರ್ ಕುಟುಂಬಗಳೂ ಇವೆ. ಇಂಥವರಿಗಾಗಿಯೇ 1999ರಲ್ಲಿ ಬೆಳ್ತಂಗಡಿ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು.

ಅತಿಥಿ ಸತ್ಕಾರವೂ ಈ ಊರಿಗೆ ಹೊಸತಲ್ಲ. ಪ್ರತಿವರ್ಷ ಮಹಾಶಿವರಾತ್ರಿಯ ಸಮಯದಲ್ಲಿ ಸಾವಿರಾರು ಪಾದಯಾತ್ರಿಗಳು ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆಯುತ್ತಾರೆ. ದಾರಿಯುದ್ದಕ್ಕೂ ಅವರಿಗೆ ನೀರು, ಮಜ್ಜಿಗೆ, ಊಟ ಕೊಡುವವರಿದ್ದಾರೆ. ಅದಕ್ಕೆ ಬಿಲ್ಲಿಲ್ಲ. ಘಾಟಿಯಲ್ಲಿ ಅಪಘಾತವಾದಾಗ ನಡುರಾತ್ರಿಯಲ್ಲೂ ಮೊದಲು ಓಡುವವರು ಇದೇ ಊರಿನ ಜನ.

ಇಂದು ಅಲ್ಲಿನ ಸಣ್ಣ ಕೃಷಿಕ ಕೋಣೆ ಬಾಡಿಗೆಗೆ ಕೊಡಲು ಹೊರಟಿದ್ದರೆ ಅದಕ್ಕೆ ಕಾರಣವಿದೆ. ಕೊಳೆರೋಗ, ಹಳದಿ ರೋಗ, ಎಲೆಚುಕ್ಕಿ ರೋಗಗಳಿಂದ ಅಡಿಕೆ ಫಸಲು ಕೈಗೆ ಬರುವ ಭರವಸೆಯಿಲ್ಲ. ಕಾಡಾನೆ ಒಂದು ರಾತ್ರಿ ಬಂದರೆ ಬಾಳೆ, ತೆಂಗು, ಅಡಿಕೆ ಸಸಿಗಳೆಲ್ಲ ನೆಲಸಮ. ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇದ್ದಾರೆ. ಇಂಥ ಮನೆಗೆ ವಾರಾಂತ್ಯದ ಎರಡು ಕೋಣೆಗಳ ಬಾಡಿಗೆ ಸಣ್ಣ ಸಂಗತಿಯಲ್ಲ. ಆದುದರಿಂದ ಪ್ರವಾಸೋದ್ಯಮವೇ ಬೇಡ ಎನ್ನುವ ನಗರವಾಸಿಗಳ ಮಾತನ್ನು ನಾವು ಒಪ್ಪುವುದಿಲ್ಲ.

ನೀರು ಹೇಳಿದ ಪಾಠ

2019ರ ಆಗಸ್ಟ್ 9ನ್ನು ಚಾರ್ಮಾಡಿ ಆಸುಪಾಸಿನವರು ಮರೆಯಲಾರರು. ಘಟ್ಟದಲ್ಲಿ ಗುಡ್ಡ ಜರಿದು ಮೃತ್ಯುಂಜಯ ಮತ್ತು ನೇತ್ರಾವತಿ ನದಿಗಳಲ್ಲಿ, ಅವುಗಳಿಗೆ ಸೇರುವ ಹಳ್ಳಗಳಲ್ಲಿ ನೀರಿನೊಂದಿಗೆ ಮರದ ದಿಮ್ಮಿ, ಬಂಡೆ, ಕೆಸರು ಹರಿದು ಬಂತು. ತೋಟಗಳಲ್ಲಿ ಮರಳು ತುಂಬಿತು. ಚಾರ್ಮಾಡಿಯ ಕೊಳಂಬೆಯಲ್ಲಿ ಕುಟುಂಬಗಳು ಮನೆ ಕಳೆದುಕೊಂಡವು. ಉಜಿರೆಯ "ಬದುಕು ಕಟ್ಟೋಣ ಬನ್ನಿ" ತಂಡದವರು ಅಲ್ಲಿ ಮರಳು ತೆಗೆದು ಮನೆಗಳನ್ನು ಮತ್ತೆ ಕಟ್ಟಿಕೊಡಲು ಮುಂದಾದರು. ಘಾಟಿ ರಸ್ತೆ ಅನೇಕ ಕಡೆ ಕುಸಿದು ಸಂಚಾರ ಬಂದ್ ಆಯಿತು. ಲಘು ವಾಹನಗಳಿಗೆ ಮೊದಲು ಅವಕಾಶ ಸಿಕ್ಕಿತಾದರೂ ಭಾರೀ ವಾಹನಗಳ ಮೇಲಿನ ನಿರ್ಬಂಧ ವರ್ಷಗಟ್ಟಲೆ ಮುಂದುವರಿಯಿತು.

ಅದರ ಹಿಂದಿನ ವರ್ಷ, 2018ರ ಆಗಸ್ಟಿನಲ್ಲಿ, ಕೊಡಗಿನಲ್ಲಿ ಗುಡ್ಡಗಳು ಕುಸಿದಿದ್ದವು. ಅಲ್ಲಿ ಅಧ್ಯಯನ ನಡೆಸಿದ ಭಾರತೀಯ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯು, ಕಟ್ಟಡ ಮತ್ತು ರಸ್ತೆಗಳಿಗಾಗಿ ಇಳಿಜಾರನ್ನು ಕಡಿದದ್ದು ಕುಸಿತದ ಕಾರಣಗಳಲ್ಲಿ ಒಂದು ಎಂದು ಹೇಳಿತು. 2024ರ ಜುಲೈ 30ರ ಮುಂಜಾನೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳಲ್ಲಿ ನಡೆದ ದುರಂತದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಆ ಬೆಟ್ಟದ ಮಗ್ಗುಲೂ ರೆಸಾರ್ಟುಗಳಿಗೆ ಹೆಸರಾಗಿತ್ತು. ವಿಪರೀತ ಮಳೆಯೇ ಮೊದಲ ಕಾರಣವೆಂಬುದು ನಿಜ. ಮಳೆಯನ್ನು ತಡೆಯಲು ನಮ್ಮಿಂದಾಗದು. ಆದರೆ ಜೆ.ಸಿ.ಬಿ.ಯನ್ನು ತಡೆಯಬಹುದು.

ನಾವು ತಂಗಿದ್ದ ಮನೆಯ ಯಜಮಾನರು ತೋಡಿನ ಬದಿಯ ಒಂದು ಹಾಳು ಜಾಗ ತೋರಿಸಿದರು. ಅತಿಥಿಗಳು ಕೇಳುವುದು ನೀರಿನ ಪಕ್ಕದ ಕೋಣೆಯನ್ನೇ ಅಂತೆ. ಅಲ್ಲಿ ಕಟ್ಟಿದರೆ ಎರಡು ಪಟ್ಟು ಬಾಡಿಗೆ ಸಿಗುತ್ತದೆಂದು ಸಲಹೆ ಕೊಟ್ಟವರೂ ಇದ್ದಾರೆ. ಆದರೆ 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಕಂಡವರು ಅವರು. ಆ ಗುರುತಿನಿಂದ ಕೆಳಗೆ ಒಂದು ಕಲ್ಲನ್ನೂ ಇಡುವುದಿಲ್ಲ ಎಂದು ನಿರ್ಧರಿಸಿದ್ದಾರೆ. ಅವರಿಗೆ ಈ ಬುದ್ಧಿ ಹೇಳಿದ್ದು ಯಾವ ಇಲಾಖೆಯೂ ಅಲ್ಲ, ಅವರ ಸ್ವಂತ ಅನುಭವ. ದೂರದ ಊರಿನಿಂದ ಬಂದು ಜಾಗ ಖರೀದಿಸಿ ಕಟ್ಟುವ ಹೂಡಿಕೆದಾರರಿಗೆ ಈ ಅನುಭವ ಎಲ್ಲಿಂದ ಬರಬೇಕು?

ಈ ಪ್ರಶ್ನೆ ಇಂದು ಮುಖ್ಯವಾಗಲು ಎರಡು ಕಾರಣಗಳಿವೆ. 2020ರಲ್ಲಿ ರಾಜ್ಯದ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ 79ಎ ಮತ್ತು 79ಬಿ ಕಲಂಗಳು ರದ್ದಾದವು. ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳುವ ದಾರಿ ಇದರಿಂದ ತೆರೆಯಿತು. ಎರಡನೆಯದು ರಸ್ತೆ. ರಾಷ್ಟ್ರೀಯ ಹೆದ್ದಾರಿ 73ರ ಪುಂಜಾಲಕಟ್ಟೆ–ಚಾರ್ಮಾಡಿ ಭಾಗದ ಅಗಲೀಕರಣ ಕೈಗೆತ್ತಿಕೊಳ್ಳಲಾಯಿತು. ಘಾಟಿಯ ಸುಮಾರು 11 ಕಿ.ಮೀ. ಭಾಗಕ್ಕೂ 2024ರಲ್ಲಿ ಕೇಂದ್ರ ಸರಕಾರ 343 ಕೋಟಿ ರೂಪಾಯಿಗೂ ಹೆಚ್ಚು ಮಂಜೂರು ಮಾಡಿತು. ಒಳ್ಳೆಯ ರಸ್ತೆ ಬೇಕು, ರೋಗಿಗಳಿಗೂ ವಿದ್ಯಾರ್ಥಿಗಳಿಗೂ ಅದು ಅಗತ್ಯ. ಆದರೆ ರಸ್ತೆ ಅಗಲವಾದ ಹಾಗೆ ಸೆಂಟ್ಸ್ ಲೆಕ್ಕದಲ್ಲಿ ಜಾಗದ ಬೆಲೆ ಏರುತ್ತದೆ. ಸಾಲದಲ್ಲಿರುವ ಕೃಷಿಕ ಮಾರಿಬಿಡುತ್ತಾನೆ. ನಿನ್ನೆಯ ಯಜಮಾನ ನಾಳೆ ಅದೇ ಜಾಗದಲ್ಲಿ ಕಾವಲುಗಾರನಾಗುತ್ತಾನೆ.

ನಮ್ಮ ಆತ್ಮಾವಲೋಕನ

ಪಶ್ಚಿಮ ಘಟ್ಟದ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ, ಕಸ್ತೂರಿರಂಗನ್ ಸಮಿತಿ 2013ರಲ್ಲಿ ವರದಿ ಕೊಟ್ಟವು. ಆಗ ಕೇರಳದ ಮಲೆನಾಡಿನ ಧರ್ಮಪ್ರಾಂತ್ಯಗಳೂ ವಿರೋಧದ ಮುಂಚೂಣಿಯಲ್ಲಿದ್ದವು. ನಮ್ಮ ತಾಲೂಕಿನಲ್ಲೂ ಒಕ್ಕಲೆಬ್ಬಿಸುತ್ತಾರೆಂಬ ಭಯ ಹರಡಿತು. ಬೆವರು ಸುರಿಸಿ ಕಾಡಂಚಿನಲ್ಲಿ ಬದುಕು ಕಟ್ಟಿದವರ ಭಯವನ್ನು ಹಗುರವಾಗಿ ಕಾಣಬಾರದು. ವಯನಾಡಿನ ದುರಂತದ ಮರುದಿನವೇ ಕೇಂದ್ರ ಸರಕಾರ ಆರನೇ ಬಾರಿ ಕರಡು ಅಧಿಸೂಚನೆ ಹೊರಡಿಸಿತು. ರಾಜ್ಯದ 20,668 ಚದರ ಕಿ.ಮೀ. ಪ್ರದೇಶವನ್ನು ಪರಿಸರ ಸೂಕ್ಷ್ಮವೆಂದು ಗುರುತಿಸುವ ವರದಿಯನ್ನು ಕರ್ನಾಟಕ ಸಚಿವ ಸಂಪುಟ 2024ರ ಸೆಪ್ಟೆಂಬರಿನಲ್ಲಿ ತಿರಸ್ಕರಿಸಿತು.

ಆದರೆ ಆ ವರದಿ ನಿಷೇಧಿಸಲು ಹೇಳಿದ್ದು ಏನನ್ನು? ಗಣಿ, ಕಲ್ಲುಕೋರೆ, ಮರಳುಗಾರಿಕೆ, ಮಾಲಿನ್ಯಕಾರಿ ಕೆಂಪು ವರ್ಗದ ಕೈಗಾರಿಕೆಗಳು ಹಾಗೂ 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಗಳನ್ನು. ಕೃಷಿಕನ ಮನೆಯ ಎರಡು ಕೋಣೆ ಅದರಲ್ಲಿಲ್ಲ. ಬಡವನ ಹೆಸರು ಹೇಳಿ ನಾವು ನಡೆಸಿದ ಹೋರಾಟದ ಲಾಭ ದೊಡ್ಡವರಿಗೂ ಹೋಯಿತೇ ಎಂದು ಇಂದಾದರೂ ಕೇಳಿಕೊಳ್ಳಬೇಡವೇ? ದಿವಂಗತ ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ "ಲೌದಾತೊ ಸಿ" ವಿಶ್ವಪತ್ರದಲ್ಲಿ ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೇ ಕೇಳಿಸಿಕೊಳ್ಳಬೇಕೆಂದರು. ಅವುಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದು ಅವರ ಬೋಧನೆಯಲ್ಲ.

ಭಾನುವಾರದ ಬೆಳಿಗ್ಗೆ

ಈಗ ನಮ್ಮದೇ ಒಂದು ತಪ್ಪನ್ನು ಹೇಳಬೇಕು. ಭಾನುವಾರ ಬೆಳಿಗ್ಗೆ ಬಲಿಪೂಜೆಗೆ ಹೊರಡುವ ಮೊದಲು ಬೇಗ ತಿಂಡಿ ಬೇಕೆಂದು ಹಿಂದಿನ ರಾತ್ರಿಯೇ ಹೇಳಿದ್ದೆವು. ಬಿಸಿಬಿಸಿ ದೋಸೆ ಸಿದ್ಧವಿತ್ತು. ಬಡಿಸುತ್ತಿದ್ದ ಅಡುಗೆಯಾಕೆಯ ಕೊರಳಲ್ಲಿ ಶಿಲುಬೆ ಕಂಡು, ನೀವೂ ಇಗರ್ಜಿಗೆ ಬರುತ್ತೀರಾ ಎಂದು ಕೇಳಿದೆವು. ಜನ ಬರುವುದೇ ಶನಿವಾರ, ಭಾನುವಾರ ಅಲ್ಲವೇ ಎಂದು ಕೊಂಕಣಿಯಲ್ಲಿ ಹೇಳಿ ನಕ್ಕರು. ಆ ನಗುವಿನಲ್ಲಿ ದೂರು ಇರಲಿಲ್ಲ. ಆದರೂ ಆ ದಿನದ ಬಲಿಪೂಜೆಯಲ್ಲಿ ನಮ್ಮ ಮನಸ್ಸು ನೆಟ್ಟಗಿರಲಿಲ್ಲ. ನಾವು ಪ್ರಭುವಿನ ದಿನವನ್ನು ಆಚರಿಸಲು ಅವರು ಆ ದಿನವನ್ನು ಬಿಟ್ಟುಕೊಟ್ಟಿದ್ದರು.

ಸಬ್ಬತ್ತಿನ ಕಟ್ಟಳೆಯಲ್ಲಿ ಮನೆಯೊಡೆಯನ ವಿಶ್ರಾಂತಿಯ ಜತೆಗೆ ಆಳುಮಕ್ಕಳು, ಪರದೇಶದವರು, ಎತ್ತು ಕತ್ತೆಗಳ ವಿಶ್ರಾಂತಿಯೂ ಸೇರಿದೆ. ಯಾಜಕಕಾಂಡದ ಪ್ರಕಾರ ಏಳನೆಯ ವರ್ಷ ಭೂಮಿಗೂ ವಿಶ್ರಾಂತಿ. ಭಾನುವಾರದ ವಿಶ್ರಾಂತಿಯು ಇತರರ ಹಕ್ಕುಗಳತ್ತ ನಮ್ಮ ಕಣ್ಣು ತೆರೆಸಬೇಕೆಂಬ ಮಾತು "ಲೌದಾತೊ ಸಿ"ಯಲ್ಲೂ ಇದೆ. ನಾಡಿನ ಕಾನೂನೂ ಸುಮ್ಮನಿಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ನೌಕರರಿಗೆ ವಾರಕ್ಕೊಂದು ಪೂರ್ಣ ದಿನದ ರಜೆ ಕೊಡಬೇಕೆನ್ನುತ್ತದೆ. ಇತರರ ವಿಶ್ರಾಂತಿಯನ್ನು ಕಸಿದು ಪಡೆದ ವಿಶ್ರಾಂತಿ ಕೊಂಡುಕೊಂಡ ಸುಖವಷ್ಟೇ.

ಮಾಡಬಹುದಾದ ಕೆಲಸ

ಹಾಗಾದರೆ ಹೋಗಬಾರದೇ? ಖಂಡಿತ ಹೋಗಬೇಕು. ಆದರೆ ಎಲ್ಲಿಗೆ, ಹೇಗೆ ಎಂದು ಯೋಚಿಸಿ ಹೋಗಬೇಕು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ "ಬೆಡ್ ಆ್ಯಂಡ್ ಬ್ರೇಕ್‌ಫಾಸ್ಟ್" ಯೋಜನೆಯಲ್ಲಿ ಒಳ್ಳೆಯ ಅಳತೆಗೋಲೊಂದಿದೆ. ಮನೆಯೊಡೆಯನ ಕುಟುಂಬ ಅಲ್ಲೇ ವಾಸವಾಗಿರಬೇಕು, ಬಾಡಿಗೆಯ ಕೋಣೆಗಳು ಆರಕ್ಕಿಂತ, ಹಾಸಿಗೆಗಳು ಹನ್ನೆರಡಕ್ಕಿಂತ ಹೆಚ್ಚಿರಬಾರದು. ಮನೆಯವರೇ ಅಲ್ಲಿ ಮಲಗುವುದಾದರೆ ಗುಡ್ಡ ಕಡಿಯುವ ಮುನ್ನ, ತೋಡಿಗೆ ಕೊಳಚೆ ಬಿಡುವ ಮುನ್ನ ಎರಡು ಸಲ ಯೋಚಿಸುತ್ತಾರೆ.

ಗ್ರಾಮ ಪಂಚಾಯತುಗಳು ಪರವಾನಿಗೆ ಕೊಡುವಾಗ 2019ರ ನೆರೆಯ ಗುರುತನ್ನು ನೋಡಲಿ. ಆ ಗುರುತಿನ ಕೆಳಗೆ ಯಾರಿಗೂ ಅನುಮತಿ ಬೇಡ, ಅದು ಬಡವರಿರಲಿ, ಬಲಾಢ್ಯರಿರಲಿ. ಕೊಳಚೆಗುಂಡಿ ಎಲ್ಲಿ, ಕಸ ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಕೇಳಲಿ. ಈ ಹಳ್ಳಗಳ ನೀರೇ ನೇತ್ರಾವತಿಯಾಗಿ ತುಂಬೆ ಅಣೆಕಟ್ಟಿಗೆ ಬಂದು ಮಂಗಳೂರಿನ ನಳ್ಳಿಗಳಲ್ಲಿ ಸುರಿಯುತ್ತದೆ ಎಂಬುದನ್ನು ನಗರದ ನಾವೂ ನೆನಪಿಡೋಣ.

ಚಾರಣಕ್ಕೆ ಹೋಗುವ ಯುವಜನರು ನಿಯಮ ಪಾಲಿಸಲಿ. 2024ರ ಅಕ್ಟೋಬರಿನಲ್ಲಿ ಅರಣ್ಯ ಇಲಾಖೆ "ಅರಣ್ಯ ವಿಹಾರ" ಜಾಲತಾಣದ ಮೂಲಕ ಆನ್‌ಲೈನ್ ಬುಕಿಂಗ್ ಜಾರಿಗೆ ತಂದದ್ದು ಕಾಡಿಗೆ ನುಗ್ಗುವ ಜನರ ಸಂಖ್ಯೆಗೆ ಮಿತಿ ಹಾಕಲೆಂದೇ. ಮಳೆಗಾಲದಲ್ಲಿ ಘಾಟಿಯ ಜಾರುಬಂಡೆಗಳ ಮೇಲೆ ನಿಂತು ಫೋಟೋ ತೆಗೆಯುವುದು ಸಾಹಸವಲ್ಲ. ಕಾಲು ಜಾರಿದರೆ ಕೆಳಗಿಳಿದು ಎತ್ತಬೇಕಾದವರು ಚಾರ್ಮಾಡಿಯ ಜನ.

ನಮ್ಮ ಚರ್ಚುಗಳಿಗೂ ಇಲ್ಲಿ ಕೆಲಸವಿದೆ. ಕುಟುಂಬ ಸಮೇತ ಹೋಗಿ ತಂಗಲು ಯೋಗ್ಯವಾದ ಕೃಷಿಕರ ಮನೆಗಳನ್ನು ಆಯಾ ಧರ್ಮಕೇಂದ್ರದವರು ಜಾತಿಮತ ನೋಡದೆ ಗುರುತಿಸಿ ತಿಳಿಸಬಹುದು. ವಾರ್ಷಿಕ ಪ್ರವಾಸವನ್ನು ಅಲ್ಲಿಗೇ ಇಟ್ಟುಕೊಳ್ಳಬಹುದು. ಭಾನುವಾರದ ಬದಲು ವಾರದ ನಡುವೆ, ದಸರಾ ರಜೆಯಲ್ಲಿ ಹೋದರೆ ಅಲ್ಲಿ ದುಡಿಯುವವರಿಗೆ ಭಾನುವಾರ ಉಳಿಯುತ್ತದೆ, ಮನೆಯವರಿಗೆ ಖಾಲಿ ದಿನಗಳಲ್ಲಿ ಆದಾಯವೂ ಸಿಗುತ್ತದೆ.

ನಾವು ಮತ್ತೆ ಅದೇ ಮನೆಗೆ ಹೋಗಬೇಕೆಂದಿದ್ದೇವೆ. ಈ ಬಾರಿ ಮಂಗಳವಾರ ಹೋಗಿ ಗುರುವಾರ ಬರುವ ಯೋಚನೆ. ಫೋನ್ ಮಾಡಿ ಹೇಳಿದಾಗ ಯಜಮಾನರಿಗೆ ಆಶ್ಚರ್ಯ. ವಾರದ ನಡುವೆ ಯಾರು ಬರುತ್ತಾರೆ ಎಂದರು. ಬರುವವರು ಹೆಚ್ಚಲಿ ಎಂಬುದೇ ನಮ್ಮ ಹಾರೈಕೆ.